ಲಂಬರೇಖೆಯೂ ಕಲಾವಿದ್ಯಾರ್ಥಿಯೂ

ಚರಿತ್ರೆ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ನಮಗೆ ಗಣಿತವೇತಕ್ಕೆ ಎಂದು ಕೇಳುವ ಮಿತ್ರರು ಅನೇಕರಿದ್ದಾರೆ. ಗಣಿತವೆಲ್ಲ ಬೇಡವೆನ್ನಿ; ಒಂದು ರೇಖೆಗೆ ಲಂಬವಾದ ರೇಖೆಯ ಸಮೀಕರಣವನ್ನು ಕಂಡುಹಿಡಿಯುವಷ್ಟನ್ನಾದರೂ ನಾವೆಲ್ಲರೂ ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ಕೃಷ್ಣರಾಜಪುರದ ಕಡೆಯ ಊರುಗಳಲ್ಲಿಯೇ ಇದೆ. ಅಲ್ಲಿ ಹೊಲಗಳು ಬಡಾವಣೆಗಳಾಗಿವೆ. ಗೇಣು ನೆಲಕ್ಕೂ ಬೆಲೆ ಬಂದಿದೆ. ಸರ್ವೆಯವರು ಸರಪಳಿ ಹಿಡಿದು ಅಳೆಯುತ್ತಿದ್ದಾಗ ಹೊಲದಲ್ಲಿ ಒಂದು ಆಧಾರರೇಖೆಯನ್ನು ಹಾಕಿ, ಮೂಲೆಗಳಿಂದ ಅದಕ್ಕೆ ಲಂಬಗಳನ್ನು ಅಳೆದು ಟಿಪ್ಪಣಿಯಲ್ಲಿ ಬರೆಯುತ್ತಿದ್ದರು. ಸರಪಳಿ ೩೩ ಅಡಿ. ಅದರ ಚದರವೇ ಒಂದು ಗುಂಟೆ. ತ್ರಿಕೋನಾಕಾರದ ಹೊಲವೊಂದರ ತಳ ೩೩೦ ಅಡಿ, ಲಂಬ ೨೬೪ ಅಡಿ ಇದ್ದರೆ ವಿಸ್ತೀರ್ಣ ೪೩,೫೬೦ ಚದರ ಅಡಿ, ಎಂದರೆ ಸರಿಯಾಗಿ ಒಂದು ಎಕರೆ. ಲಂಬದ ಪಾದದಿಂದ ೭೭ ಅಡಿ ಸರಿದು ಓರೆಯಾಗಿ ಅಳೆದರೆ ೨೬೪ ಅಡಿ ೨೭೫ ಆಗುತ್ತದೆ. ಕಾಗದದ ಮೇಲೆ ೧,೮೧೫ ಚದರ ಅಡಿ ಹೆಚ್ಚುತ್ತದೆ. ೩೦-೪೦ರ ಸೈಟೊಂದು ಕೇವಲ ೧,೨೦೦ ಚದರ ಅಡಿ! ಇಲ್ಲದ ನೆಲಕ್ಕೆ ಯಾರೋ ಒಬ್ಬ ಬಡವ ಜೀವಮಾನದ ಉಳಿತಾಯವನ್ನು ತೆರಬೇಕಾಗುವುದು ಹೀಗೆ.

ಈಗಿನ ಯಂತ್ರಗಳು ಮೂಲೆಗಳ ನಿರ್ದೇಶಾಂಕಗಳನ್ನೇ ಕೊಡುತ್ತವೆ. ಅಲ್ಲಿ ಲಂಬವೆಂದರೆ ಸಮೀಕರಣ. ಆಧಾರರೇಖೆ ವೈ = ೨ಎಕ್ಸ್ + ೩, ಮೂಲೆ (೪, ೧) ಎಂದಿರಲಿ. ಈ ರೇಖೆ ಒಂದು ಹೆಜ್ಜೆ ಪೂರ್ವಕ್ಕೆ ಹೋದರೆ ಎರಡು ಹೆಜ್ಜೆ ಉತ್ತರಕ್ಕೆ ಏರುತ್ತದೆ. ಅದನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ: ಎರಡು ಹೆಜ್ಜೆ ಪೂರ್ವಕ್ಕೆ, ಒಂದು ಹೆಜ್ಜೆ ದಕ್ಷಿಣಕ್ಕೆ. ಇಳಿಜಾರು ೨ ಇದ್ದದ್ದು -೧/೨ ಆಯಿತು. ಮೂಲೆಯ ಮೂಲಕ ಹಾಯುವ ಲಂಬ ಎಕ್ಸ್ + ೨ವೈ = ೬; ಅದರ ಪಾದ (೦, ೩).

ಎರಡು ಇಳಿಜಾರುಗಳ ಗುಣಲಬ್ಧ -೧ ಎಂಬ ಸೂತ್ರವನ್ನು ಮಂತ್ರದಂತೆ ಬಾಯಿಪಾಠ ಮಾಡಿದವರಿಗೆ ಈ ತಿರುವು ಕಾಣುವುದಿಲ್ಲ. ಇಂದಿರಾನಗರದಲ್ಲಿ ನೂರಡಿ ರಸ್ತೆಯೂ, ೨೦೧೧ರಿಂದ ಮೆಟ್ರೋ ಓಡುವ ಸಿ.ಎಂ.ಎಚ್. ರಸ್ತೆಯೂ ಹೆಚ್ಚುಕಡಮೆ ಲಂಬವಾಗಿ ಕೂಡುತ್ತವೆ. ಆ ರಸ್ತೆಗಳನ್ನೇ ಅಕ್ಷಗಳೆಂದು ಹಿಡಿದರೆ ಒಂದರ ಇಳಿಜಾರು ಸೊನ್ನೆ, ಇನ್ನೊಂದಕ್ಕೆ ಇಳಿಜಾರೇ ಇಲ್ಲ. ಗುಣಲಬ್ಧವೆಲ್ಲಿ? ಮಂತ್ರ ಅಲ್ಲಿ ನಿಲ್ಲುತ್ತದೆ. ಕಾಲು ಸುತ್ತಿನ ಅರ್ಥವಾದರೋ ನಿಲ್ಲುವುದಿಲ್ಲ.

ಬಡಗಿಯ ಮೂಲೆಮಟ್ಟದಲ್ಲಿರುವ ತಿಳಿವಳಿಕೆಯೇ ಇದು. ಪದವೀಧರನಿಗೆ ಅದು ನಿಲುಕದ್ದೇನಲ್ಲ. ಪಿ.ಯು.ಸಿ.ಯಲ್ಲಿ ಗಣಿತವನ್ನು ಬಿಟ್ಟು ಬಂದ ನಮಗಾಗಿ ಅಧ್ಯಾಪಕರು ವರ್ಷಕ್ಕೆ ಎರಡು ಪೀರಿಯಡ್ಡುಗಳನ್ನು ಕೊಡಲಿ. ಪರೀಕ್ಷೆ ಬೇಡ, ಅಂಕ ಬೇಡ, ಒಂದು ಹೊಲದ ನಕ್ಷೆ ಸಾಕು. ನಮ್ಮ ನೆಲದ ಲೆಕ್ಕವನ್ನು ನಾವೇ ಓದಲಾರದೆ ಪರರ ಬಾಯಿ ನೋಡುವುದು ವಿದ್ಯಾವಂತರಿಗೆ ಭೂಷಣವಲ್ಲ.