ಹಳೆಯ ಜಾಹೀರಾತುಗಳು ಸತ್ಯಸಂಧವೆ?

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ ಮಾನ್ಯ ಮಿತ್ರರೊಬ್ಬರು, ನೂರು ವರ್ಷಗಳಿಗೂ ಹಿಂದಿನ ಅಮೆರಿಕಾ ದೇಶದ ಮಾಸಪತ್ರಿಕೆಗಳ ಕೆಲವು ಪುಟಗಳನ್ನು ತೋರಿಸಿ, ‘ಆ ಕಾಲದ ಜಾಹೀರಾತುಗಳಲ್ಲಿ ಎಂತಹ ಸತ್ಯಸಂಧತೆ! ಈಗಿನವುಗಳೋ ಬರಿಯ ವಂಚನೆ’ ಎಂದು ಅಪ್ಪಣೆ ಕೊಡಿಸಿದರು. ಸಭಿಕರು ಕರತಾಡನ ಮಾಡಿದರು. ಒಂದು ಪುಟದಲ್ಲಿ ರೈಲು ಕಂಪೆನಿಯ ವಿಹಾರಯಾತ್ರೆಯ ಚಿತ್ರ. ಇನ್ನೊಂದರಲ್ಲಿ ಜೀವವಿಮಾ ಕಂಪೆನಿಯ ಅಭಯವಚನ. ಚಿತ್ರಗಳು ಸುಂದರವಾಗಿದ್ದುವೆಂಬುದನ್ನು ನಾನೂ ಒಪ್ಪುತ್ತೇನೆ. ಸತ್ಯಸಂಧತೆಯನ್ನು ಮಾತ್ರ ಒಪ್ಪಲಾರೆ.

ವಾಚಕ ಮಹಾಶಯರೇ, ‘ಯೋಗಕ್ಷೇಮ’ವೆಂಬ ನಮ್ಮ ಶಬ್ದವನ್ನು ನೆನೆಯಿರಿ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ರೈಲಿನವನು ಯೋಗವನ್ನೂ ವಿಮೆಯವನು ಕ್ಷೇಮವನ್ನೂ ಮಾರಾಟಕ್ಕಿಟ್ಟರು. ಒಬ್ಬನ ಬಂಡವಾಳ ನಮ್ಮ ಆಸೆ, ಮತ್ತೊಬ್ಬನದು ನಮ್ಮ ಭಯ.

ಮೊದಲು ರೈಲಿನ ಮಾತು. ಲ್ಯಾಕವಾನ ರೈಲು ಕಂಪೆನಿಯ ಜಾಹೀರಾತುಗಳಲ್ಲಿ ‘ಫೀಬಿ ಸ್ನೋ’ ಎಂಬ ಕಲ್ಪಿತ ತರುಣಿಯು ಅಚ್ಚ ಬಿಳಿಯ ಉಡುಪಿನಲ್ಲಿ ಪ್ರಯಾಣ ಮಾಡುತ್ತಿದ್ದಳು. ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲನ್ನು ಉರಿಸುವುದರಿಂದ ಹೊಗೆಮಸಿ ಕಡಮೆಯೆಂಬುದು ಅದರ ತಾತ್ಪರ್ಯ. ಮಾತು ಸುಳ್ಳಲ್ಲ. ಆದರೆ ಆ ಕಲ್ಲಿದ್ದಲನ್ನು ಅಗೆಯುತ್ತಿದ್ದ ಲಕ್ಷಕ್ಕೂ ಮಿಕ್ಕ ಕೂಲಿಗಾರರು 1902ರಲ್ಲಿ ಮೇ ತಿಂಗಳಿಂದ ಅಕ್ಟೋಬರಿನವರೆಗೆ ಮುಷ್ಕರ ಹೂಡಬೇಕಾಯಿತು. ಗಣಿಗಳ ಒಡೆತನವೂ ಬಹುಮಟ್ಟಿಗೆ ರೈಲು ಕಂಪೆನಿಗಳದೇ. ಬಿಳಿಯ ಉಡುಪಿನ ಚಿತ್ರದಲ್ಲಿ ಅವರ ಕರಿಯ ಕೈಗಳಿಗೆ ಎಡೆಯಿರಲಿಲ್ಲ.

ಇನ್ನೊಂದು ನಿದರ್ಶನ. 1910ರಲ್ಲಿ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನವು ಏರ್ಪಟ್ಟಿತು. ಗ್ರೇಟ್ ನಾರ್ದರ್ನ್ ರೈಲು ಕಂಪೆನಿಯು ಅಲ್ಲಿ ಹೋಟೆಲುಗಳನ್ನು ಕಟ್ಟಿಸಿ, ‘ಮೊದಲು ಅಮೆರಿಕೆಯನ್ನು ನೋಡಿರಿ’ ಎಂದು ಸಾರಿತು. ಗರಿಯ ಕಿರೀಟದ ಬ್ಲ್ಯಾಕ್‌ಫೀಟ್ ಜನರ ಚಿತ್ರಗಳನ್ನು ಅಚ್ಚುಹಾಕಿಸಿತು. ಉದ್ಯಾನದ ಪೂರ್ವಭಾಗವಾದರೋ 1895ರ ಒಪ್ಪಂದದಿಂದ ಆ ಜನರೇ ಸರ್ಕಾರಕ್ಕೆ ಬಿಟ್ಟುಕೊಟ್ಟ ನೆಲ. ಬೇಟೆಯ ಹಕ್ಕನ್ನು ಅವರು ಆ ಒಪ್ಪಂದದಲ್ಲಿ ಉಳಿಸಿಕೊಂಡಿದ್ದರು. ಉದ್ಯಾನದ ನಿಯಮದಿಂದ ಅದೂ ಹೋಯಿತು. ಮನೆಯವನನ್ನು ಹೊರಗಿಟ್ಟು, ಅವನ ಪಟವನ್ನು ಬಾಗಿಲಿಗೆ ತೂಗುಹಾಕಿದಂತಾಯಿತು.

ಇನ್ನು ವಿಮೆ. ಪ್ರುಡೆನ್ಷಿಯಲ್ ಕಂಪೆನಿಯು 1896ರಿಂದ ಜಿಬ್ರಾಲ್ಟರ್ ಬಂಡೆಯ ಚಿತ್ರವನ್ನು ತನ್ನ ಸ್ಥೈರ್ಯದ ಗುರುತಾಗಿ ಮೆರೆಸಿತು. ಇಂತಹ ಅಭಯಗಳ ನಡುವೆ, 1905ರಲ್ಲಿ ನ್ಯೂಯಾರ್ಕ್ ಶಾಸನಸಭೆಯ ಆರ್ಮ್‌ಸ್ಟ್ರಾಂಗ್ ಸಮಿತಿಯು ವಿಮಾ ಕಂಪೆನಿಗಳನ್ನು ವಿಚಾರಣೆಗೆ ಕರೆಯಿತು. ವಕೀಲ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಒಂದೊಂದೇ ಲೆಕ್ಕವನ್ನು ಬಿಚ್ಚಿಸಿದನು. ನ್ಯೂಯಾರ್ಕ್ ಲೈಫ್ ಕಂಪೆನಿಯು 1904ರ ಚುನಾವಣೆಗಾಗಿ ರಿಪಬ್ಲಿಕನ್ ಪಕ್ಷಕ್ಕೆ 48,000 ಡಾಲರಿಗೂ ಹೆಚ್ಚು ಹಣವನ್ನು ಕೊಟ್ಟುದು ಬಯಲಾಯಿತು. ಅದು ಪಾಲಿಸಿದಾರರ ಹಣ. ಅದಲ್ಲದೆ, ಲಾಭಾಂಶವನ್ನು ಇಪ್ಪತ್ತು ವರ್ಷಗಳವರೆಗೆ ತಡೆದಿಟ್ಟುಕೊಳ್ಳುವ ಪಾಲಿಸಿಗಳು ಆಗ ಬಹಳವಾಗಿ ಮಾರಾಟವಾಗಿದ್ದುವು. ನಡುವೆ ಕಂತು ಕಟ್ಟಲಾರದೆ ಹೋದವನು ತನ್ನ ಲಾಭಾಂಶವನ್ನು ಕಳೆದುಕೊಳ್ಳುವನು. ಅದು ಉಳಿದವರ ಪಾಲು. ಬಡವನ ನಷ್ಟವೇ ಅನುಕೂಲಸ್ಥನ ಲಾಭವಾದ ಈ ಏರ್ಪಾಡಿಗೆ ಕ್ಷೇಮವೆಂದು ಹೆಸರಿಡಬಹುದೆ?

ವಿಮೆಯನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ದುಡಿಯುವ ಯಜಮಾನನು ಅಕಾಲದಲ್ಲಿ ತೀರಿಕೊಂಡ ಮನೆಗೆ ಆ ಹಣವು ಎಂತಹ ಆಧಾರವೆಂಬುದನ್ನು ಉಪಾಧ್ಯಾಯವೃತ್ತಿಯಲ್ಲಿದ್ದಾಗ ನಾನು ಕಣ್ಣಾರೆ ಕಂಡಿದ್ದೇನೆ. ದೇಶಸಂಚಾರವೂ ಪುರುಷಾರ್ಥಕ್ಕೆ ವಿರೋಧವಲ್ಲ. ನನ್ನ ಆಕ್ಷೇಪವು ಅರ್ಧಸತ್ಯದ ಮೇಲೆ. ಅಶ್ವತ್ಥಾಮನ ಹೆಸರಿನಲ್ಲಿ ಧರ್ಮರಾಯನಾಡಿದ ಮಾತೂ ಅಕ್ಷರಶಃ ಸುಳ್ಳಾಗಿರಲಿಲ್ಲ. ಆದರೂ ಅವನ ರಥವು ನೆಲಕ್ಕಿಳಿಯಿತು.

‘ಹಳೆಯದನ್ನು ಕೆದಕಿ ಫಲವೇನು?’ ಎಂದು ಪೂರ್ವಪಕ್ಷಿಗಳು ಕೇಳಬಹುದು. ಫಲವಿದೆ. ಆ ಕಾಲದ ವ್ಯಾಪಾರಿಗಳು ಸ್ವಭಾವತಃ ಸತ್ಯವಂತರಾಗಿದ್ದರೆಂದು ನಂಬಿದರೆ, ಇಂದಿನ ರೋಗಕ್ಕೆ ಸೌಜನ್ಯವೇ ಮದ್ದೆಂದು ಭ್ರಮಿಸುತ್ತೇವೆ. ಅಲ್ಲಿ ಮದ್ದಾದುದು ವಿಚಾರಣೆ ಮತ್ತು ಶಾಸನ. ಲಾಭಾಂಶವನ್ನು ತಡೆದಿಡುವ ಪಾಲಿಸಿಗಳನ್ನು ನ್ಯೂಯಾರ್ಕಿನ ಕಾನೂನು 1906ರಲ್ಲಿ ನಿಷೇಧಿಸಿತು. ಬಂಡೆಯ ಚಿತ್ರವು ಪಾಲಿಸಿದಾರನನ್ನು ಕಾಯಲಿಲ್ಲ. ಲೆಕ್ಕ ಕೇಳಿದವನು ಕಾಯ್ದನು.

ಆದುದರಿಂದ ನಮ್ಮ ಮಿತ್ರರು ಆ ಪುಟಗಳಿಗೆ ಚೌಕಟ್ಟು ಹಾಕಿಸಿ ಗೋಡೆಯಲ್ಲಿಡಲಿ, ನನ್ನ ಅಭ್ಯಂತರವಿಲ್ಲ. ಆದರೆ ಮಕ್ಕಳಿಗೆ ತೋರಿಸುವಾಗ, ಅದರಲ್ಲಿ ಏನು ಬರೆದಿದೆಯೆಂಬುದರ ಜೊತೆಗೆ ಏನನ್ನು ಬರೆಯದೆ ಬಿಟ್ಟಿದ್ದಾರೆಂಬುದನ್ನೂ ಕೇಳುವ ಅಭ್ಯಾಸವನ್ನು ಮಾಡಿಸಬೇಕೆಂದು ಪ್ರಾರ್ಥಿಸುತ್ತೇನೆ.