ಹೊಲಿಗೆ ಮೆಶಿನು ಕೊಟ್ಟರೆ ಕಸುಬಾಯಿತೆ?

ನಮ್ಮ ಮುಂಬಯಿಯ ಕನ್ನಡ ಸಂಘಗಳು ಊರಿಗಾಗಿ ಮಾಡುವ ಕೆಲಸಗಳಲ್ಲಿ ಹೊಲಿಗೆ ಮೆಶಿನು ಹಂಚುವುದೂ ಒಂದು. ಕೆಲವರು ಇಲ್ಲಿಯ ವಾರ್ಷಿಕೋತ್ಸವದಲ್ಲಿ ಕೊಡುತ್ತಾರೆ, ಕೆಲವರು ಊರಿನಲ್ಲೇ ಸಭೆ ಕರೆದು ಕೊಡುತ್ತಾರೆ. "ಇನ್ನು ಈ ತಾಯಂದಿರು ಸ್ವಂತ ಕಾಲ ಮೇಲೆ ನಿಲ್ಲುತ್ತಾರೆ" ಅಂತ ಭಾಷಣವೂ ಆಗುತ್ತದೆ. ಕೊಡುವ ಕೈಯನ್ನು ನಾನು ಹೀಯಾಳಿಸುವುದಿಲ್ಲ. ಹೊಟೇಲು, ಕ್ಯಾಂಟೀನುಗಳಲ್ಲಿ ಬೆವರು ಸುರಿಸಿದವರ ದುಡ್ಡು ಅದು. ಆದರೆ ಕಾಮರ್ಸ್ ಓದುವವನಾಗಿ ಒಂದು ಮಾತು ಹೇಳಲೇಬೇಕು: ಮೆಶಿನು ಒಂದು ಸಾಮಾನು, ಕಸುಬಲ್ಲ. ಹಳ್ಳಿಯ ಹೊಲಿಗೆ ಅಂಗಡಿ ಮುಚ್ಚಿ ಹೋಗುವುದು ಮೆಶಿನು ಇಲ್ಲದ್ದರಿಂದ ಅಲ್ಲ, ಕೈಯಲ್ಲಿ ಓಡಾಡುವ ದುಡ್ಡು ಇಲ್ಲದ್ದರಿಂದ.

ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನು ಹಿಡಿದವು. ನಿಮ್ಮ ಊರಿನ ದರ ಹಾಕಿಕೊಂಡು ನೀವೂ ನೋಡಬಹುದು. ಲೈನಿಂಗ್ ಇರುವ ಒಂದು ರವಿಕೆಗೆ ಗಿರಾಕಿ ಕೊಡುವುದು 300 ರೂಪಾಯಿ ಎಂದಿಟ್ಟುಕೊಳ್ಳಿ. ಲೈನಿಂಗ್ ಬಟ್ಟೆ, ನೂಲು, ಹುಕ್ಕು, ಕರೆಂಟು ಸೇರಿ 80 ರೂಪಾಯಿ. ಉಳಿದದ್ದು 220. ಮನೆ ಕೆಲಸದ ನಡುವೆ ದಿನಕ್ಕೆ ಎರಡು ಹೊಲಿದರೆ 25 ದಿನಕ್ಕೆ 50 ರವಿಕೆ, 11,000 ರೂಪಾಯಿ. ಭಾಷಣದಲ್ಲಿ ಬರುವುದು ಈ ಲೆಕ್ಕ.

ಇನ್ನೊಂದು ಲೆಕ್ಕ ಭಾಷಣದಲ್ಲಿ ಬರುವುದಿಲ್ಲ. ಹಳ್ಳಿಯಲ್ಲಿ ಗಿರಾಕಿ ಎಂದರೆ ನೆರೆಮನೆಯವರು, ಸಂಬಂಧಿಕರು. "ದುಡ್ಡು ಮತ್ತೆ ಕೊಡ್ತೇನೆ ಮಾರಾಯ್ತಿ, ನಾನೇನು ಓಡಿ ಹೋಗ್ತೇನಾ?" ಎಂದರೆ ಇಲ್ಲ ಅನ್ನಲು ಬಾಯಿ ಬರುತ್ತದಾ? ಐವತ್ತರಲ್ಲಿ ಹದಿನೈದು ಹೀಗೆ ಉದ್ರಿ ಹೋದರೆ ಬಂದದ್ದು 10,500. ಆದರೆ ಖರ್ಚು ಐವತ್ತಕ್ಕೂ ಆಗಿದೆ, 4,000. ಕೈಯಲ್ಲಿ ಉಳಿದದ್ದು 6,500. ಬಸ್‌ಸ್ಟ್ಯಾಂಡಿನ ಹತ್ತಿರ ಕೋಣೆ ಹಿಡಿದಿದ್ದರೆ ಬಾಡಿಗೆಯೂ ಇದರಿಂದಲೇ. ಆಮೇಲೆ ಆಟಿ ತಿಂಗಳು ಬರುತ್ತದೆ. ಜಡಿಮಳೆ, ಮದುವೆ ಮುಂಜಿ ಒಂದೂ ಇಲ್ಲ. ಹತ್ತು ರವಿಕೆ ಬಂದರೆ ಅದೇ ಪುಣ್ಯ. ಅಷ್ಟರಲ್ಲಿ ಚೌತಿಯ ಹೊಲಿಗೆಗೆ ಲೈನಿಂಗ್ ತಂದಿಟ್ಟುಕೊಳ್ಳಬೇಕು, ದುಡ್ಡೆಲ್ಲಿ? ಗಿರಾಕಿ ಪೇಟೆಯ ಟೈಲರ್ ಹತ್ತಿರ ಹೋಗುತ್ತಾಳೆ. ಮೆಶಿನಿನ ಮೇಲೆ ಹಳೆ ಸೀರೆ ಹೊದಿಸಿದ್ದಾಗುತ್ತದೆ. ಎರಡು ವರ್ಷದ ಮೇಲೆ ನಮ್ಮವರೇ ಅನ್ನುತ್ತಾರೆ, "ಕೊಟ್ಟರೂ ಉದ್ಧಾರ ಆಗಲಿಲ್ಲ ನೋಡಿ." ಲೆಕ್ಕದ ತಪ್ಪು ಹೆಂಗಸಿನ ತಪ್ಪಾಗಿ ಬಿಡುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಇದಕ್ಕೆ ನಮ್ಮ ಈ ಶಹರದ ಪಾಲೂ ಇದೆ. ಧಾರಾವಿಯ ಗಾಳಿಯಿಲ್ಲದ ಖೋಲಿಗಳಲ್ಲಿ ಒಬ್ಬ ಕತ್ತರಿಸುತ್ತಾನೆ, ಒಬ್ಬ ಬರೀ ಕಾಲರ್ ಹೊಲಿಯುತ್ತಾನೆ, ಇನ್ನೊಬ್ಬ ಗುಂಡಿ ಹಾಕುತ್ತಾನೆ. ಅಲ್ಲಿ ರಾಶಿಯಾಗಿ ಹೊರಡುವ ಸಿದ್ಧ ಉಡುಪಿನ ದರಕ್ಕೆ ಒಂದೇ ಮೆಶಿನಿನ ಹೆಂಗಸು ನೈಟಿ, ಫ್ರಾಕು ಹೊಲಿದು ಗೆಲ್ಲಲಾರಳು. ಅವಳ ಬಲ ಇರುವುದು ಅಳತೆಯಲ್ಲಿ. ಮೈಗೆ ಸರಿಯಾಗಿ ಕೂರುವ ರವಿಕೆ, ಸೀರೆಗೆ ಫಾಲು-ಪಿಕೋ, ಜೂನ್ ತಿಂಗಳಿಗೆ ಮಕ್ಕಳ ಯೂನಿಫಾರ್ಮು, ಹಳೆಯದರ ರಿಪೇರಿ - ಇವು ಮುಂಬಯಿಯಿಂದ ಲಾರಿಯಲ್ಲಿ ಬರುವುದಿಲ್ಲ. ಪಿಕೋ ಬರುವ ಮೆಶಿನು ಬೇಕೋ, ಸಾದಾ ಸಾಕೋ ಎಂದು ಕೊಡುವ ಮೊದಲು ಅವಳನ್ನೇ ಕೇಳಿದವರು ಎಷ್ಟು ಮಂದಿ?

ಹೊಲಿಗೆ ಮೆಶಿನು ಜಗತ್ತಿನ ಮನೆಮನೆಗೆ ಹೋದದ್ದು ದಾನದಿಂದಲ್ಲ. ಅಮೆರಿಕದ ಐಸಾಕ್ ಸಿಂಗರ್ 1851ರಲ್ಲಿ ತನ್ನ ಮೆಶಿನಿಗೆ ಪೇಟೆಂಟು ಪಡೆದ; 1856ರಲ್ಲಿ ಅವನ ಕಂಪನಿ ಕಂತಿನ ವ್ಯಾಪಾರ ಶುರುಮಾಡಿತು. ಹೊಲಿದು ಗಳಿಸುತ್ತಾ ಕಂತು ಕಟ್ಟುವುದು. ಯಂತ್ರಗಳನ್ನು ಅಷ್ಟಾಗಿ ಒಪ್ಪದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಮೆಶಿನಿಗೆ ವಿನಾಯಿತಿ ಕೊಟ್ಟಿದ್ದರು. ನಮ್ಮ ಊರಿನ ಕಡೆ ಬುದ್ಧಿವಂತರೇನು ಕಡಿಮೆ ಇರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿದ್ದು) 1928ರಲ್ಲಿ ಪಿಗ್ಮಿ ಠೇವಣಿ ತೆಗೆಯಿತು. ದಿನಕ್ಕೆ ಎರಡಾಣೆ, ಏಜೆಂಟನೇ ಬಾಗಿಲಿಗೆ ಬಂದು ಒಯ್ಯುತ್ತಿದ್ದ. ದಿನದ ದುಡಿಮೆಯವರಿಗೆ ದಿನದ ಲೆಕ್ಕವೇ ಬೇಕು ಎಂದು ಆಗಲೇ ಗೊತ್ತಿತ್ತು. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಅಲ್ಲಿ ಊಟ ವಸತಿ ಸಹಿತ ಬಿಟ್ಟಿ ತರಬೇತಿ. ಆದರೆ ನನಗೆ ಹೆಚ್ಚು ಹಿಡಿಸಿದ್ದು ತರಬೇತಿ ಮುಗಿದ ಮೇಲೂ ಅವರು ಕೈ ಬಿಡದಿರುವುದು. ಬಂದು ವಿಚಾರಿಸುತ್ತಾರೆ, ಬ್ಯಾಂಕಿನ ದಾರಿ ತೋರಿಸುತ್ತಾರೆ. ನಮ್ಮ ದಾನದಲ್ಲಿ ಇಲ್ಲದ್ದು ಇದೇ.

ಮೆಶಿನಿಗಂತೂ ಈಗ ಸರಕಾರದ ದಾರಿಯೂ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಸೇರಿದೆ. ಸಲಕರಣೆಗೆ 15,000 ರೂಪಾಯಿ. ತರಬೇತಿಯ ನಂತರ ಮೊದಲ ಹಂತದಲ್ಲಿ 1 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ, ಜಾಮೀನಿಲ್ಲದೆ. ಹಾಗಿದ್ದರೆ ನಮ್ಮ ಸಂಘಗಳು ಮತ್ತೊಂದು ಮೆಶಿನು ಕೊಡುವುದಕ್ಕಿಂತ ಅರ್ಜಿ ತುಂಬಿಸಿಕೊಟ್ಟರೆ ಆಗದೆ?

"ಊರಿಗೆ ಹೋಗಿ ವಿಚಾರಿಸುವವರು ಯಾರಪ್ಪಾ? ನಾವಿಲ್ಲಿ ಲೋಕಲ್ ಗಾಡಿಯಲ್ಲಿ ನೇತಾಡುವವರು" ಎಂದು ಹಿರಿಯರು ಹೇಳಬಹುದು. ಸರಿಯೇ. ಆದ್ದರಿಂದ ಕೈಲಾಗುವಷ್ಟನ್ನೇ ಹೇಳುತ್ತೇನೆ. ನಾಲ್ಕು ಮೆಶಿನಿನ ದುಡ್ಡಿದ್ದರೆ ಎರಡೇ ಕೊಡಿ. ಉಳಿದದ್ದನ್ನು ಆ ಇಬ್ಬರಿಗೆ ಮೊದಲ ವರ್ಷದ ಲೈನಿಂಗ್, ನೂಲು, ಆಟಿಯ ಖಾಲಿ ದಿನಗಳಿಗೆ ಇಡಿ. ಮೇ ತಿಂಗಳಲ್ಲಿ ಊರಿಗೆ ಹೋಗುವ ನಾವು ಮಂಗಲದಾಸ ಮಾರ್ಕೆಟಿನಿಂದ ಒಂದು ಕಟ್ಟು ಲೈನಿಂಗ್ ಒಯ್ದರೆ ರೈಲಿನಲ್ಲಿ ಭಾರವೇನೂ ಆಗದು.

ಇನ್ನು ನಮ್ಮ ಪಾಲು. ನಾನು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಕಾಲೇಜಿಗೆ ಬಂದಾಗ 'ವರ್ಕಿಂಗ್ ಕ್ಯಾಪಿಟಲ್' ಅಂತ ಕೇಳಿದ ಕೂಡಲೇ ಏನೂ ಹೊಳೆಯಲಿಲ್ಲ. 'ದುಡಿಯುವ ಬಂಡವಾಳ' ಎಂದಿದ್ದರೆ ಆಗಲೇ ತಿಳಿಯುತ್ತಿತ್ತು, ಹೊಲಿಯುವವಳಿಗೂ ತಿಳಿಯುತ್ತದೆ. ಬಂದದ್ದು, ಹೋದದ್ದು, ಉದ್ರಿ, ತನ್ನ ಕೂಲಿ - ಈ ನಾಲ್ಕು ಸಾಲಿನ ಒಂದು ಕನ್ನಡ ಲೆಕ್ಕದ ಪುಸ್ತಕ ಮಾಡಿಕೊಡುವುದು ನಮ್ಮ ಸಾಹಿತ್ಯ ಮಂಡಳಿಯ ಕಾಮರ್ಸ್ ಹುಡುಗ ಹುಡುಗಿಯರಿಗೆ ಒಂದು ಭಾನುವಾರದ ಕೆಲಸ. ಅದನ್ನು ಮಾಡಿ, ತಿಂಗಳಿಗೊಮ್ಮೆ ಫೋನು ಮಾಡಿ "ಈ ತಿಂಗಳು ಎಷ್ಟು ಉದ್ರಿ ನಿಂತಿತು ಅಕ್ಕಾ?" ಎಂದು ಕೇಳುವುದಕ್ಕೆ ನಾನು ತಯಾರು. ಜತೆಗೆ ಬರುವವರು ಮಂಡಳಿಯ ಮುಂದಿನ ಸಭೆಯಲ್ಲಿ ಹೆಸರು ಕೊಡಿ.