ಅರ್ಥವೆಲ್ಲ ಬಾಲದಲ್ಲಿ

ಮಕ್ಕಳೇ, ಇಂಗ್ಲಿಷಿನ ‘ರೈಟ್’ ಎಂದರೆ ಬರೆ ಎಂದು ನಿಮಗೆಲ್ಲ ಗೊತ್ತು. ಅದಕ್ಕೆ ‘ಡೌನ್’ ಎಂಬ ಬಾಲ ಸೇರಿದರೆ ಬರೆದುಕೊ ಎಂದಾಗುತ್ತದೆ. ‘ಆಫ್’ ಸೇರಿದರೆ? ಇದು ತಿಳಿಯದೆ ನಾನೊಮ್ಮೆ ತಲೆ ತಗ್ಗಿಸಬೇಕಾಯಿತು.

ಆಗ ನಾನು ಮೂಡಿಗೆರೆ ಕಡೆಯ ಒಂದು ಬ್ಯಾಂಕಿನಲ್ಲಿ ಹೊಸ ಗುಮಾಸ್ತ. ಎರಡೆಕರೆ ಕಾಫಿ ತೋಟದ ಹಿರಿಯರೊಬ್ಬರು ಲೆಡ್ಜರಿನಲ್ಲಿ ತಮ್ಮ ಸಾಲದ ಮುಂದೆ ‘ರಿಟನ್ ಆಫ್’ ಎಂದಿದ್ದುದನ್ನು ತೋರಿಸಿ, “ಹಂಗಂದ್ರೆ ಏನು ಸ್ವಾಮಿ?” ಎಂದರು. ಬಿ.ಕಾಂ. ಓದಿದ ಜಂಬದಲ್ಲಿ “ಮನ್ನಾ ಆಗಿದೆ” ಎಂದುಬಿಟ್ಟೆ. ಮರುದಿನ ಒಂದು ಚೀಲ ಕಿತ್ತಳೆ ತಂದುಕೊಟ್ಟರು. ಮೂರು ತಿಂಗಳಿಗೆ ವಸೂಲಿ ನೋಟಿಸು ಹೋಯಿತು. ಅದನ್ನು ಹಿಡಿದು ಬಂದವರು, “ಅಳಿಸಿದ ಸಾಲಾನ ಮತ್ತೆ ಯಾರು ಬರೆದ್ರು ಸ್ವಾಮಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

‘ರೈಟ್ ಆಫ್’ ಎಂದರೆ ಬಾರದ ಸಾಲವನ್ನು ಬ್ಯಾಂಕು ತನ್ನ ಆಸ್ತಿಯ ಲೆಕ್ಕದಿಂದ ತೆಗೆಯುವುದು. ಸಾಲಗಾರನ ಹೊಣೆ ಹಾಗೇ ಇರುತ್ತದೆ. ಮನ್ನಾಕ್ಕೆ ‘ವೇವ್’ ಎಂಬ ಬೇರೆ ಪದವಿದೆ. 2008ರಲ್ಲಿ ಕೇಂದ್ರ ಸರ್ಕಾರ ರೈತರ ಸಾಲ ಮನ್ನಾ ಮಾಡಿದಾಗ ಯೋಜನೆಯ ಹೆಸರಿನಲ್ಲಿದ್ದದ್ದು ‘ವೇವರ್’.

ನಮ್ಮಲ್ಲೂ ಹೀಗಿದೆ. ‘ಕೊಡು’ ಒಂದೇ, ಕಿವಿಗೊಟ್ಟರೆ ಆಲಿಸುವುದು, ಕೈಕೊಟ್ಟರೆ ಮೋಸ. ಅರ್ಥ ಬದಲಿಸುವ ಪದ ಕನ್ನಡದಲ್ಲಿ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಆಮೇಲೆ.

ಈ ವಾರದ ಕೆಲಸ: ‘ಪುಟ್’ ಪದಕ್ಕೆ ಆನ್, ಆಫ್, ಔಟ್, ಅಪ್ ವಿತ್ ಸೇರಿಸಿ ನಿಘಂಟಿನಲ್ಲಿ ಅರ್ಥ ನೋಡಿ, ಒಂದೊಂದು ವಾಕ್ಯ ಬರೆಯಿರಿ. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ “ನೋಡಿ ಹೇಳುತ್ತೇನೆ” ಎನ್ನಿ. ಅದರಲ್ಲಿ ನಾಚಿಕೆಯಿಲ್ಲ.